ಬ್ಯಾಗು ಎಲ್ಲಿ ಮಡಗ್ತೀಯಪ್ಪ?

ಕ್ಯಾಮೆರಾ ಬ್ಯಾಗುಗಳ ವಿಮರ್ಶೆ ಮಾಡೋರು ಎಲ್ಲಾ ಮಾಡ್ತಾರೆ, ಒಂದು ಕೆಲಸ ಮಾತ್ರ ಮಾಡೋದಿಲ್ಲ. ಬ್ಯಾಗನ್ನ ನೆಲದ ಮೇಲೆ ಇಡೋದಿಲ್ಲ. ಯೂಟ್ಯೂಬಿನಲ್ಲಿ ಯಾವ ವಿಡಿಯೋ ಬೇಕಾದರೂ ತೆಗೆದು ನೋಡಿ. ಬಿಳಿ ಮೇಜು, ಹಿಂದುಗಡೆ ಕುಂಡದಲ್ಲಿ ಒಂದು ಗಿಡ, ಮೇಲಿಂದ ಹಾಲಿನಂಥ ಬೆಳಕು. ಜಿಪ್ ಎಳೀತಾರೆ, ಮುಚ್ತಾರೆ. ಒಳಗಿನ ಸ್ಪಂಜಿನ ಗೋಡೆಗಳನ್ನ ಕಿತ್ತು ಬೇರೆ ಕಡೆ ಅಂಟಿಸ್ತಾರೆ. ಲ್ಯಾಪ್‌ಟಾಪನ್ನ ಒಳಗೆ ಜಾರಿಸಿ ತೋರಿಸ್ತಾರೆ. ಕೊನೆಗೆ ಬೆನ್ನಿಗೆ ಹಾಕ್ಕೊಂಡು, ಒಂದು ಸುತ್ತು ತಿರುಗಿ, ಹತ್ತಕ್ಕೆ ಎಂಟೂವರೆ ಅಂತಾರೆ. ಆ ಎಂಟೂವರೆಯಲ್ಲಿ ಅರ್ಧ ಮಾರ್ಕ್ಸು ಮೇಜಿಗೆ ಸೇರಬೇಕು.

ನಮ್ಮ ಕಡೆ ಮೇಜು ಸಿಗೋದಿಲ್ಲ. ನಮ್ಮ ಕಡೆ ಅಂದರೆ ಹೊಳೇನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿ. ಸೋಮವಾರದಿಂದ ಶುಕ್ರವಾರದ ತನಕ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಹೊತ್ತು, ಶನಿವಾರ ಊರಿಗೆ ಬಂದು ಕ್ಯಾಮೆರಾ ಹೊರೋ ಜಾತಿ ನಮ್ಮದು. ಈ ಜಾತಿಯವರು ಈಗ ಪ್ರತಿ ಊರಲ್ಲೂ ನಾಲ್ಕು ಜನ ಇದೀವಿ. ಫೋಟೋ ತೆಗೆಯೋ ಜಾಗಗಳು ಯಾವುವು? ಗದ್ದೆ ಬದು, ನಾಲೆ ಏರಿ, ಮಾವಿನಕೆರೆ ಬೆಟ್ಟದ ದಾರಿ, ಕಲ್ಯಾಣ ಮಂಟಪದ ಒದ್ದೆ ನೆಲ, ಜಾತ್ರೆ. ಒಂದರಲ್ಲೂ ಬ್ಯಾಗು ಇಡೋಕೆ ಬಿಳಿ ಮೇಜಿಲ್ಲ.

ಹೊಳೇನರಸೀಪುರದಲ್ಲಿ ಸ್ಟುಡಿಯೋ ಇಟ್ಟಿರೋ, ನಮಗಿಂತ ಹಿರಿಯರಾದ ಒಬ್ಬ ಅಣ್ಣ ಇದಾರೆ. ಮದುವೆ ಫೋಟೋ ಅವರ ಜೀವನ. ನಾನು ಕೊಳ್ಳಬೇಕು ಅಂದ್ಕೊಂಡಿದ್ದ ಬ್ಯಾಗಿನ ಚಿತ್ರವನ್ನ ಮೊಬೈಲಿನಲ್ಲಿ ತೋರಿಸಿದಾಗ ಅವರು ರೇಟು ಕೇಳಲಿಲ್ಲ, ಎಷ್ಟು ಲೆನ್ಸ್ ಹಿಡಿಯುತ್ತೆ ಅಂತಾನೂ ಕೇಳಲಿಲ್ಲ. "ಚೆನ್ನಾಗೈತೆ. ಇದನ್ನ ಎಲ್ಲಿ ಮಡಗ್ತೀಯಪ್ಪ?" ಅಂದರು. ಬ್ಯಾಗಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದೇ. ಈ ಬರಹ ಪೂರ್ತಿ ಆ ಪ್ರಶ್ನೆಯ ವಿಸ್ತಾರ ಅಂತ ಇಟ್ಕೊಳ್ಳಿ.

ಮೊದಲು ತೂಕದ ಲೆಕ್ಕ. ನಿಕಾನ್ ಡಿ850 ಬಾಡಿ, ಬ್ಯಾಟರಿ ಮತ್ತು ಕಾರ್ಡ್ ಸೇರಿ ಒಂದು ಕೆಜಿ. ಅದಕ್ಕೆ 24-70 ಎಫ್ 2.8 ಲೆನ್ಸು ಇನ್ನೊಂದು ಕೆಜಿ ಚಿಲ್ಲರೆ. ಹಕ್ಕಿ ಹುಚ್ಚು ಇದ್ದರೆ 200-500 ಲೆನ್ಸು, ಅದು 2.3 ಕೆಜಿ. ಇಲ್ಲಿಗೇ ನಾಲ್ಕೂಕಾಲು ಕೆಜಿ ದಾಟಿತು. ಸ್ಟ್ಯಾಂಡು, ಫ್ಲ್ಯಾಶು, ಚಾರ್ಜರ್, ಒಂದು ಲೀಟರ್ ನೀರು ಸೇರಿಸಿ. ಇಷ್ಟಕ್ಕೂ ಮೇಲೆ ಖಾಲಿ ಬ್ಯಾಗಿನದ್ದೇ ಎರಡು ಕೆಜಿ ಇರುತ್ತೆ. ದೊಡ್ಡ ಕ್ಯಾಮೆರಾ ಬ್ಯಾಗುಗಳಲ್ಲಿ ಇದೇನೂ ಹೆಚ್ಚಲ್ಲ. ಒಟ್ಟು ಒಂಬತ್ತು ಕೆಜಿ ಅನ್ನಿ. ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯೋ ಬ್ಯಾಗಿಗೆ ಸಾಮಾನ್ಯವಾಗಿ 7 ಕೆಜಿ ಮಿತಿ. ಅಂದರೆ ವಿಮಾನದವರು ಬೇಡ ಅಂದಿದ್ದನ್ನ ನಾವು ಬೆಟ್ಟಕ್ಕೆ ಹತ್ತಿಸ್ತೀವಿ.

ಮಿರರ್‌ಲೆಸ್ ಬಂತಲ್ಲ, ಹೊರೆ ಇಳೀತಲ್ಲ ಅಂತೀರಾ? ಬಾಡಿ ಇಳೀತು, ಸರಿ. ಸೋನಿಯ ಎ7 ಸಾಲಿನ ನಾಲ್ಕನೇ ಬಾಡಿ ಮುಕ್ಕಾಲು ಕೆಜಿಯೂ ಇಲ್ಲ. ಆದರೆ ಅದೇ ಕಂಪನಿಯ 200-600 ಲೆನ್ಸು ಎರಡು ಕೆಜಿ ಮೇಲೇ ಇದೆ. ಗಾಜಿಗೆ ಮಿರರ್‌ಲೆಸ್ಸು ಗಿರರ್‌ಲೆಸ್ಸು ಗೊತ್ತಾಗಲ್ಲ. ಉಳಿದ ಅರ್ಧ ಕೆಜಿಗೆ ನಮ್ಮವರು ಇನ್ನೊಂದು ಲೆನ್ಸ್ ತುಂಬ್ತಾರೆ. ಜಾಗ ಇದ್ದಷ್ಟೂ ಸಾಮಾನು. ಅಜ್ಜಿಯ ಅಟ್ಟದ ನಿಯಮವೇ ಬ್ಯಾಗಿಗೂ.

ಈ ಬ್ಯಾಗುಗಳಿಗೆ ಎರಡು ವಂಶ ಇದೆ. ಒಂದು ಹೊಳೆ ದಂಡೆಯದು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ 1973ರಲ್ಲಿ ಶುರುವಾಗಿದ್ದು ಮೀನು ಹಿಡಿಯೋರಿಗೆ ಕ್ಯಾನ್ವಾಸ್ ಚೀಲ ಹೊಲಿಯೋಕೆ. 1978ರ ಹೊತ್ತಿಗೆ ನ್ಯೂಯಾರ್ಕಿನ ಫೋಟೋಗ್ರಾಫರುಗಳು ಆ ಮೀನಿನ ಚೀಲದಲ್ಲಿ ಕ್ಯಾಮೆರಾ ಹಾಕ್ಕೊಂಡು ಓಡಾಡ್ತಿದಾರೆ ಅಂತ ಅವರಿಗೆ ಗೊತ್ತಾಯ್ತು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಫೋಟೋಗ್ರಾಫರ್ ಜಿಮ್ ಡೊಮ್ಕಿ ತನ್ನ ಕೆಲಸಕ್ಕೆ ಬೇಕಾದ ಹಾಗೆ ಒಂದು ಮೆತ್ತನೆ ಕ್ಯಾನ್ವಾಸ್ ಚೀಲ ಮಾಡಿಸಿಕೊಂಡರು. ಎರಡೂ ಒಂದೇ ಹೆಗಲಿನವು, ಮೇಲಿಂದ ತೆರೆಯೋವು. ಎಲ್ಲಿ ಬೇಕಾದರೂ ದೊಪ್ಪಂತ ಇಟ್ಟು, ಮುಚ್ಚಳ ಎತ್ತಿದರೆ ಆಯ್ತು.

ಇನ್ನೊಂದು ವಂಶ ಹಿಮದ ಬೆಟ್ಟದ್ದು. ಗ್ರೆಗ್ ಲೋವ್ ಅನ್ನೋ ಅಮೆರಿಕದ ಬೆಟ್ಟ ಹತ್ತೋ ಆಸಾಮಿ 1967ರಲ್ಲಿ ಒಳಗೇ ಚೌಕಟ್ಟು ಇರೋ ಬೆನ್ನು ಚೀಲ ಮಾಡಿದ. ಅಲ್ಲಿಯವರೆಗೆ ಚೌಕಟ್ಟು ಹೊರಗಡೆ, ಏಣಿ ಹೊತ್ತ ಹಾಗೆ ಇರ್ತಿತ್ತು. ಲೋವ್‌ಪ್ರೋ ಕ್ಯಾಮೆರಾ ಬ್ಯಾಗುಗಳು ಬಂದಿದ್ದು ಆ ಮನೆಯಿಂದಲೇ. ಬೆಟ್ಟದ ವಂಶದ ಬ್ಯಾಗು ಎರಡೂ ಹೆಗಲಿಗೆ, ಸೊಂಟಕ್ಕೆ ಭಾರ ಹಂಚುತ್ತೆ. ಆದರೆ ತೆರೆಯೋಕೆ ಅದನ್ನ ಮಲಗಿಸಬೇಕು.

ಮಲಗಿಸೋದು ಎಲ್ಲಿ? ಅಣ್ಣ ಕೇಳಿದ್ದು ಇದನ್ನೇ. ಶೆಟ್ಟಿಹಳ್ಳಿಗೆ ಹೋಗಿದೀರಲ್ಲ? ಗೊರೂರು ಅಣೆಕಟ್ಟಿನ ಹಿನ್ನೀರಲ್ಲಿ ಅರ್ಧ ಮುಳುಗೋ ಚರ್ಚು. ಮಳೆಗಾಲದಲ್ಲಿ ಆ ಗೋಡೆಗಳ ನೆರಳು ನೀರಲ್ಲಿ ಬೀಳೋ ಚಿತ್ರಕ್ಕೆ ಬೆಂಗಳೂರಿನಿಂದ ರಾತ್ರಿ ಮೂರಕ್ಕೇ ಕಾರು ಹೊರಡ್ತವೆ. ದಂಡೆಯಲ್ಲಿ ಎಲ್ಲಾ ಕಡೆ ಕೆಸರು. ಹೆಚ್ಚಿನ ಬೆನ್ನು ಬ್ಯಾಗುಗಳ ಬಾಗಿಲು ಹೊರಮೈಯಲ್ಲಿರುತ್ತೆ. ಆ ಬಾಗಿಲು ತೆರೆಯಬೇಕಾದರೆ ಬೆನ್ನಿಗೆ ತಾಗೋ ಮೈಯನ್ನ, ಅಂದರೆ ಪಟ್ಟಿ, ಸ್ಪಂಜು, ಎಲ್ಲವನ್ನೂ ಕೆಸರಿಗೆ ಒತ್ತಿ ಮಲಗಿಸಬೇಕು. ಲೆನ್ಸ್ ಬದಲಾಯಿಸಿ ಮತ್ತೆ ಹಾಕ್ಕೊಂಡರೆ ಹಿನ್ನೀರಿನ ಕೆಸರು ನಿಮ್ಮ ಅಂಗಿಗೆ. ಆ ಚರ್ಚಿನ ಮುಂದೆ ಬೆಳಗಿನ ಏಳು ಗಂಟೆಗೆ ನಿಂತು ನೋಡಿ, ಬೆನ್ನ ಮೇಲೆ ಕೆಸರಿನ ನಕ್ಷೆ ಹೊತ್ತ ಇಂಜಿನಿಯರುಗಳು ಸಾಲಾಗಿ ಸಿಗ್ತಾರೆ.

ಇದಕ್ಕೆ ಉತ್ತರ ಇದೆ, ಹೊಸದೂ ಅಲ್ಲ. ಬೆನ್ನಿನ ಕಡೆಯಿಂದ ತೆರೆಯೋ ಬ್ಯಾಗು. ಲೋವ್‌ಪ್ರೋದವರ ಫ್ಲಿಪ್‌ಸೈಡ್ ಈ ಥರದ್ದು. ಹೊರಮೈ ಕೆಳಗೆ, ಬೆನ್ನಿನ ಮೈ ಆಕಾಶಕ್ಕೆ. ಕೊಳೆ ಆದರೆ ಹೊರಮೈ ಆಗುತ್ತೆ, ಅದು ಆಗೋಕೇ ಇರೋದು. ಇನ್ನೊಂದು ಲಾಭ: ಜಿಪ್ಪು ನಿಮ್ಮ ಬೆನ್ನಿಗೆ ಅಂಟಿಕೊಂಡಿರೋದರಿಂದ ಜಾತ್ರೆಯ ನೂಕುನುಗ್ಗಲಲ್ಲಿ ಹಿಂದಿನವನ ಕೈ ಒಳಗೆ ಹೋಗೋದಿಲ್ಲ. ಇನ್ನೂ ಒಂದು ಉಪಾಯ ಇದೆ. ಹೆಗಲ ಪಟ್ಟಿ ಬಿಚ್ಚಿ, ಸೊಂಟದ ಬೆಲ್ಟು ಹಾಗೇ ಇಟ್ಕೊಂಡು, ಬ್ಯಾಗನ್ನ ಮುಂದಕ್ಕೆ ತಿರುಗಿಸಿದರೆ ಹೊಟ್ಟೆಯ ಮುಂದೆ ಅದೇ ಮೇಜು. ನೆಲ ಬೇಕಾಗೋದೇ ಇಲ್ಲ. ದೊಡ್ಡ ಲೆನ್ಸು ಇದ್ದರೆ ಈ ಆಟ ಸ್ವಲ್ಪ ತೂಗಾಡುತ್ತೆ, ಕೆಳಗೆ ನೀರಿದ್ದರೆ ಬೇಡ. ಆದರೂ ಬಿಳಿ ಮೇಜಿನ ವಿಮರ್ಶಕರು ಈ ಬ್ಯಾಗುಗಳಿಗೆ ಕಮ್ಮಿ ಮಾರ್ಕ್ಸ್ ಕೊಡ್ತಾರೆ. ಕಾರಣ? "ಬೇಗ ತೆಗೆಯೋಕೆ ಆಗೋದಿಲ್ಲ, ಇಳಿಸಬೇಕು."

ಅವರಿಗೆ ಇಷ್ಟ ಪಕ್ಕದಲ್ಲಿ ಬಾಗಿಲಿರೋ ಬ್ಯಾಗು. ಒಂದು ಹೆಗಲಿಂದ ಜಾರಿಸಿ, ಕಂಕುಳ ಕೆಳಗೆ ಎಳ್ಕೊಂಡು, ಪಕ್ಕದ ಜಿಪ್ ಬಿಚ್ಚಿ, ಕ್ಯಾಮೆರಾ ಹೊರಗೆ. ನಾಲ್ಕೇ ಸೆಕೆಂಡು. ಇಳಿಸೋ ಅಗತ್ಯವೇ ಇಲ್ಲ ಅನ್ನೋದೇ ಜಾಹೀರಾತು. ಈ "ಇಳಿಸೋ ಅಗತ್ಯವೇ ಇಲ್ಲ" ಅನ್ನೋ ಮಾತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಅದಕ್ಕೆ ಬರ್ತೀನಿ.

ಹೊರೋದರ ಬಗ್ಗೆ ನಮ್ಮ ಹಿರಿಯರಿಗೆ ಗೊತ್ತಿದ್ದಿದ್ದು ಇದು: ಹೊರೆ ಹೊತ್ತು ನಡೆಯೋದು ಅರ್ಧ ಕಷ್ಟ, ಇಳಿಸಿ ಮತ್ತೆ ಎತ್ತೋದು ಉಳಿದರ್ಧ. ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮೂಟೆ ಹೊರೋ ಹಮಾಲಿಯನ್ನ ನೋಡಿ. ಅವನು ಒಬ್ಬನೇ ನಡೀತಾನೆ, ಆದರೆ ಮೂಟೆ ಎತ್ತಿ ಬೆನ್ನಿಗೆ ಕೊಡೋಕೆ ಇಬ್ಬರು ಇರ್ತಾರೆ. ಹಳೇ ದಾರಿಗಳ ಪಕ್ಕ ಹೊರೆಗಲ್ಲು ನಿಲ್ಲಿಸ್ತಿದ್ದಿದ್ದೂ ಇದಕ್ಕೇ. ಎರಡು ಉದ್ದ ಕಲ್ಲು ನೆಟ್ಟು, ಮೇಲೆ ಅಡ್ಡ ಒಂದು ಚಪ್ಪಡಿ, ಆಳೆತ್ತರಕ್ಕೆ ಸ್ವಲ್ಪ ಕಮ್ಮಿ. ತಲೆ ಮೇಲಿನ ಹೊರೆಯನ್ನ ಬಗ್ಗದೇ ಅದರ ಮೇಲೆ ಜಾರಿಸಿ, ಸುಧಾರಿಸ್ಕೊಂಡು, ಯಾರ ಸಹಾಯವೂ ಇಲ್ಲದೆ ಮತ್ತೆ ತಲೆಗೆ ತಗೊಂಡು ಹೋಗಬಹುದು. ಹೊರೋ ಸಾಧನ ಅಂದರೆ ಸಿಂಬೆ ಒಂದೇ ಅಲ್ಲ, ದಾರಿಯ ಕಲ್ಲೂ ಸಾಧನವೇ ಅಂತ ಅಂದಿನೋರಿಗೆ ಗೊತ್ತಿತ್ತು. ಬ್ಯಾಗು ಮಾರೋ ಇಂದಿನೋರಿಗೆ ಇದರಲ್ಲಿ ಲಾಭ ಇಲ್ಲ. ಕಲ್ಲು ಮಾರೋಕಾಗಲ್ಲವಲ್ಲ.

ಅದೇ ಕೆಲಸ ಮಾಡೋ ಒಂದು ವಸ್ತು ಮದುವೆ ಫೋಟೋಗ್ರಾಫರ ಹತ್ತಿರ ಇತ್ತು: ಅಲ್ಯೂಮಿನಿಯಂ ಪೆಟ್ಟಿಗೆ. ಮೂಲೆಗಳಿಗೆ ಕಬ್ಬಿಣದ ಟೊಪ್ಪಿ, ಒಳಗೆ ಕತ್ತರಿಸಿದ ಸ್ಪಂಜು. ಕೈಯಲ್ಲಿ ಹಿಡಿದರೆ ತೋಳು ಬೀಳುತ್ತೆ, ಮೊಣಕಾಲಿಗೆ ಬಡಿಯುತ್ತೆ, ಹೊರೋ ಲೆಕ್ಕದಲ್ಲಿ ನೂರಕ್ಕೆ ಸೊನ್ನೆ. ಆದರೆ ಇಡೋ ಲೆಕ್ಕದಲ್ಲಿ ಅದನ್ನ ಮೀರಿಸಿದ್ದು ಇನ್ನೂ ಬಂದಿಲ್ಲ. ಧಾರೆ ಹೊತ್ತಲ್ಲಿ ನೆಂಟರ ತಲೆಗಳ ಗೋಡೆ ಎದ್ದಾಗ ಅದರ ಮೇಲೇ ಹತ್ತಿ ನಿಂತು ಫೋಟೋ ತೆಗೀತಿದ್ದರು. ಊಟದ ಹಾಲಿನಲ್ಲಿ ಕುರ್ಚಿ ಸಿಗದಿದ್ದರೆ ಅದೇ ಕುರ್ಚಿ. ಅಡಿಗೆಯವರು ನೀರು ಚೆಲ್ಲಿದರೂ ಚಿಂತೆ ಇಲ್ಲ. ಈಗಿನ ಮೆತ್ತನೆ ಬ್ಯಾಗಿನ ಮೇಲೆ ಹತ್ತಿ ನಿಲ್ಲಿ ನೋಡೋಣ.

ಇನ್ನು ದೇವಸ್ಥಾನ. ಹಾಸನ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದವನು ಹೊಯ್ಸಳರಿಂದ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ಆಮೇಲೆ ದೊಡ್ಡ ಹೆಸರಿನ ಬೇಲೂರು ಹಳೇಬೀಡು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಸ್ಟ್ಯಾಂಡ್ ನಿಲ್ಲಿಸೋ ಹಾಗಿಲ್ಲ. ಹಾಗಾಗಿ ಬ್ಯಾಗಿನ ಪಕ್ಕಕ್ಕೆ ಸ್ಟ್ಯಾಂಡ್ ಕಟ್ಟೋ ಪಟ್ಟಿಯೇ ದೊಡ್ಡ ಗುಣ ಅಂತ ಮಾರಿದರೆ ಮೋಸ ಹೋಗಬೇಡಿ. ಆ ಹೆರಿಟೇಜ್ ಬ್ಯಾಗುಗಳು ಅಂತ ಬರ್ತವಲ್ಲ, ಕ್ಯಾನ್ವಾಸ್ ಮೇಲೆ ಕಂದು ಚರ್ಮದ ಪಟ್ಟಿ, ಹಿತ್ತಾಳೆ ಬಕಲ್ಲು, ನೋಡೋಕೆ ಚಂದವೇ. ಆದರೆ ಬಸದಿಗಳಲ್ಲಿ, ಎಷ್ಟೋ ದೇವಸ್ಥಾನಗಳಲ್ಲಿ ಚರ್ಮದ ವಸ್ತು ಒಳಗೆ ಬಿಡೋದಿಲ್ಲ. ಬೆಲ್ಟ್ ಬಿಚ್ಚಿ ಕೈಗೆ ಕೊಟ್ಟು ಹೋಗಬಹುದು. ಎರಡು ಲಕ್ಷದ ಸಾಮಾನಿರೋ ಬ್ಯಾಗನ್ನ ಚಪ್ಪಲಿ ಕಾಯೋರ ಹತ್ತಿರ ಟೋಕನ್ ತಗೊಂಡು ಬಿಡ್ತೀರಾ?

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬಂಡೆಯಲ್ಲೇ ಕಡೆದ, ಕಾಲು ಜಾರೋ ನುಣುಪಿನ ಮೆಟ್ಟಿಲು. ಸೊಂಟದ ಬೆಲ್ಟಿನ ಬೆಲೆ ಗೊತ್ತಾಗೋದು ಹತ್ತುವಾಗ ಅಲ್ಲ, ಇಳಿಯುವಾಗ. ಬೆಲ್ಟಿಲ್ಲದ ಬ್ಯಾಗು ಪ್ರತಿ ಮೆಟ್ಟಿಲಿಗೂ ಒಂದು ಕ್ಷಣ ತಡವಾಗಿ ಇಳಿದು, ಹಿಂದಿನಿಂದ ನಿಮ್ಮನ್ನ ಮುಂದಕ್ಕೆ ತಳ್ಳುತ್ತೆ. ಒಂದೇ ಹೆಗಲಿನ ಬ್ಯಾಗಾದರೆ ಪಕ್ಕಕ್ಕೆ ಎಳೆಯುತ್ತೆ. ಹೊಳೆ ದಂಡೆಯ ವಂಶ ಇಲ್ಲಿ ಸೋಲುತ್ತೆ, ಒಪ್ಪಲೇಬೇಕು. ಹಾಗೇ ಬೆಟ್ಟದ ದೇವಸ್ಥಾನಗಳ ಮಂಗಗಳು. ಬ್ಯಾಗಿನ ಪಕ್ಕದಲ್ಲಿ ಬಲೆಯ ಜೇಬು ಇರುತ್ತಲ್ಲ, ನೀರಿನ ಬಾಟಲಿಗೆ ಅಂತ, ಅದು ಮಂಗಗಳಿಗೆ ಶೋಕೇಸು. ಬಾಟಲಿ ಒಳಗಿಡೋಣ ಅಂದರೆ ಲೆನ್ಸಿನ ಪಕ್ಕ ನೀರು ಇಡೋ ಧೈರ್ಯ ಯಾರಿಗಿದೆ.

ಸೊಂಟದ ಬೆಲ್ಟು ಅಂದೆ. ಇಲ್ಲಿ ಬ್ಯಾಗು ಕಂಪನಿಗಳ ಮೇಲೆ ನನ್ನ ದೊಡ್ಡ ತಕರಾರು ಇದೆ. ಚಾರಣದ ಬ್ಯಾಗಿನಲ್ಲಿ ಬೆಲ್ಟು ದಪ್ಪ ಇರುತ್ತೆ, ಸೊಂಟದ ಮೂಳೆಯ ಮೇಲೆ ಕೂರುತ್ತೆ, ಒಳಗಿನ ಚೌಕಟ್ಟು ಭಾರವನ್ನ ಅದಕ್ಕೆ ಇಳಿಸುತ್ತೆ. ಹೆಗಲ ಪಟ್ಟಿ ಬರೀ ಹಿಡ್ಕೊಳ್ಳೋಕೆ. ಎಷ್ಟೋ ಕ್ಯಾಮೆರಾ ಬ್ಯಾಗುಗಳಲ್ಲಿ ಬೆಲ್ಟು ಅಂದರೆ ಎರಡು ಬೆರಳಗಲದ ಪಟ್ಟೆ, ಪೈಜಾಮದ ಲಾಡಿ ಇದ್ದ ಹಾಗೆ. ದುಡ್ಡೆಲ್ಲ ಒಳಗಿನ ಸ್ಪಂಜಿಗೆ ಖರ್ಚಾಗಿರುತ್ತೆ. ಕ್ಯಾಮೆರಾ ಮೆತ್ತೆಯ ಮೇಲೆ ಮಲಗಿರುತ್ತೆ, ಹೊರೋನ ಹೆಗಲಲ್ಲಿ ಬರೆ. ಯಾರ ರಕ್ಷಣೆಗೆ ಈ ಬ್ಯಾಗು ಅಂತ ಒಂದು ಸಲ ಮುಟ್ಟಿ ನೋಡಿದರೆ ಗೊತ್ತಾಗುತ್ತೆ.

ಮಳೆ ವಿಚಾರದಲ್ಲೂ ಇದೇ ಕತೆ. ಬ್ಯಾಗಿನ ತಳದಲ್ಲಿ ಮಡಚಿಟ್ಟ ರೇನ್ ಕವರ್ ಇರುತ್ತೆ. ಹೊರಮೈಗೆ ಟೊಪ್ಪಿ ಹಾಕಿದ ಹಾಗೆ ಹಾಕ್ತೀವಿ. ಬೆನ್ನಿನ ಮೈ ತೆರೆದೇ ಇರುತ್ತೆ. ಸಕಲೇಶಪುರದ ಕಡೆಯ ಮಳೆ ಮೇಲಿಂದ ಬರೋದಿಲ್ಲ, ಅಡ್ಡ ಬರುತ್ತೆ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು, ಬೆನ್ನಿನ ಸ್ಪಂಜನ್ನ ತುಂಬಿ, ಅಲ್ಲೇ ನಿಲ್ಲುತ್ತೆ. ಗದ್ದೆ ಕೆಲಸದೋರ ಗೋಣಿಕೊಪ್ಪೆ ನೋಡಿ. ಚೀಲದ ಒಂದು ಮೂಲೆಯನ್ನ ಇನ್ನೊಂದರ ಒಳಗೆ ತೂರಿಸಿದರೆ ತಲೆ, ಹೆಗಲು, ಬೆನ್ನು ಎಲ್ಲಾ ಒಂದೇ ಮುಚ್ಚಿಗೆಯ ಕೆಳಗೆ. ಮೊದಲು ಆಳು ನೆನೆಯಬಾರದು, ಆಮೇಲೆ ಹೊರೆ. ಕ್ಯಾಮೆರಾಗೂ ಸರಿಯಾದ ದಾರಿ ಅದೇ: ಬ್ಯಾಗಿನ ಮೇಲಿಂದಲೇ ಹಾಕ್ಕೊಳ್ಳೋ ಅಗಲದ ಪೊಂಚೋ. ಫ್ಯಾಷನ್ ಅಲ್ಲ, ಒಪ್ಪಿದೆ.

ಮಳೆಗಾಲ ಅಂದಾಗ ಫಂಗಸ್ ಮಾತು ಬಿಡೋ ಹಾಗಿಲ್ಲ. ಮೂಡಿಗೆರೆಯ ಮಳೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ತೇಜಸ್ವಿಯವರ ಚಿತ್ರಗಳನ್ನ ನೋಡಿ ಕ್ಯಾಮೆರಾ ಕೊಂಡವರು ನಮ್ಮಲ್ಲಿ ತುಂಬಾ ಜನ. (ಆ ಮಿಂಚುಳ್ಳಿಯ ಫೋಟೋ ಎಲ್ಲರಿಗೂ ನೆನಪಿದೆ, ಬ್ಯಾಗು ಯಾವುದು ಸಾರ್ ಅಂತ ಕೇಳಿದವರನ್ನ ನಾನಂತೂ ಕಂಡಿಲ್ಲ.) ಆ ಹವೆಯಲ್ಲಿ ಬ್ಯಾಗೇ ಲೆನ್ಸಿನ ಶತ್ರು. ಸ್ಪಂಜು ತೇವ ಹೀರಿ ಹಿಡ್ಕೊಳ್ಳುತ್ತೆ, ಕತ್ತಲೆ ಇರುತ್ತೆ, ಗಾಳಿ ಆಡೋದಿಲ್ಲ. ಫಂಗಸ್ಸಿಗೆ ಇನ್ನೇನು ಬೇಕು. ಗಾಳಿಯ ತೇವ ನೂರಕ್ಕೆ 60ರ ಮೇಲೆ ಹೋಗಿ ವಾರಗಟ್ಟಲೆ ನಿಂತರೆ ಗಾಜಿನ ಒಳಗೆ ಜೇಡನ ಬಲೆ ಥರ ಹಬ್ಬುತ್ತೆ. ಮನೆಗೆ ಬಂದ ಕೂಡಲೇ ಬ್ಯಾಗು ಖಾಲಿ ಮಾಡಿ, ಬಿಚ್ಚಿ ನೇತು ಹಾಕಿ. ಲೆನ್ಸುಗಳು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ಅಕ್ಕಿ ಡಬ್ಬದಲ್ಲಿ ಹೂತಿಡೋ ಉಪಾಯ ಬೇಡ, ಅಕ್ಕಿ ಧೂಳು ಲೆನ್ಸಿನ ತಿರುಗಣೆಗೆ ಸೇರುತ್ತೆ.

ದುಡ್ಡಿನ ಮಾತು. 2021ರಲ್ಲಿ ಒಂದು ತಮಾಷೆ ಆಯ್ತು. ಪೀಕ್ ಡಿಸೈನ್ ಅನ್ನೋ ಕಂಪನಿಯ ಸಣ್ಣ ಹೆಗಲ ಬ್ಯಾಗಿನ ಥರದ್ದೇ ಬ್ಯಾಗನ್ನ ಅಮೆಜಾನ್ ತನ್ನ ಬೇಸಿಕ್ಸ್ ಹೆಸರಲ್ಲಿ, ಸುಮಾರು ಮೂರನೇ ಒಂದು ಭಾಗದ ಬೆಲೆಗೆ ತಂದಿತು. ಪೀಕ್ ಡಿಸೈನ್‌ನವರು ಕೋರ್ಟಿನ ಬಾಗಿಲಿಗೆ ಓಡೋ ಬದಲು ಅಣಕದ ವಿಡಿಯೋ ಮಾಡಿ ಬಿಟ್ಟರು, ಊರೆಲ್ಲ ನಕ್ಕಿತು. ನನಗೆ ಅದರಲ್ಲಿ ಕಂಡ ಪ್ರಶ್ನೆ ಬೇರೆ. ನೋಡೋಕೆ ಎರಡೂ ಒಂದೇ ಆದರೆ, ಆ ಉಳಿದ ಎರಡು ಪಾಲು ದುಡ್ಡು ಎಲ್ಲಿದೆ? ಬಟ್ಟೆಯಲ್ಲಿ, ಜಿಪ್ಪಿನಲ್ಲಿ, ಹೊಲಿಗೆಯಲ್ಲಿ ಇದೆ ಅಂತಾರೆ. ಇದ್ದರೆ ಅದನ್ನ ನೋಡಬಹುದು. ಬಟ್ಟೆಯ ಚೀಟಿಯಲ್ಲಿ ಡೆನಿಯರ್ ಅಂತ ಸಂಖ್ಯೆ ಇರುತ್ತೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋದೇ ಡೆನಿಯರ್. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ, ಬ್ಯಾಗೂ ಭಾರ. ಅಂದರೆ ಗಟ್ಟಿ ಬಟ್ಟೆಗೆ ಎರಡು ಸಲ ಬೆಲೆ ಕೊಡ್ತೀವಿ, ಒಂದು ಸಲ ಅಂಗಡಿಯಲ್ಲಿ, ಇನ್ನೊಂದು ಸಲ ಹೆಗಲಲ್ಲಿ.

ನಾನು ನೋಡೋದು ಬೇರೆ ಒಂದು. ಕಿತ್ತುಹೋದರೆ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋರು ಇದನ್ನ ಸರಿ ಮಾಡಬಲ್ಲರಾ? ಸಾಮಾನ್ಯ ಜಿಪ್ಪು, ಸಾಮಾನ್ಯ ಬಕಲ್ಲು, ಮಡಚಿ ಹೊಲಿದ ಪಟ್ಟಿ ಇದ್ದರೆ ಹತ್ತು ನಿಮಿಷದ ಕೆಲಸ. ಆಯಸ್ಕಾಂತದ ಬೀಗ, ಅಚ್ಚು ಹಾಕಿದ ಕೊಂಡಿ, ಕಂಪನಿಯವರು ಮಾತ್ರ ಮಾಡೋ ಸ್ಪೇರ್ ಪಾರ್ಟು ಇದ್ದರೆ, ಜೀವಮಾನದ ಗ್ಯಾರಂಟಿ ಅಂತ ಬರೆದಿದ್ದರೂ, ಬ್ಯಾಗನ್ನ ಎಲ್ಲಿಗೋ ಕಳಿಸಿ ತಿಂಗಳು ಕಾಯಬೇಕು. ಮದುವೆ ಸೀಸನ್ನು ಕಾಯೋದಿಲ್ಲ.

ಕಳ್ಳರ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಕ್ಯಾಮೆರಾ ಜೊತೆ ಉಚಿತವಾಗಿ ಕೊಡೋ, ಕಂಪನಿ ಹೆಸರನ್ನ ಬಸ್ಸಿನ ಬೋರ್ಡಿನ ಸೈಜಿಗೆ ಬರೆದಿರೋ ಕಪ್ಪು ಬ್ಯಾಗನ್ನ ಮನೆಯಲ್ಲೇ ಬಿಡಿ. ಇದರಲ್ಲಿ ಲಕ್ಷ ರೂಪಾಯಿ ಇದೆ ಅಂತ ಡಂಗುರ ಸಾರಿದ ಹಾಗೆ. ನನ್ನ ಶಿಫಾರಸು ಕೇಳಿದರೆ, ಒಳ್ಳೆ ಬೆಲ್ಟಿರೋ ಚಾರಣದ ಬ್ಯಾಗು ಒಂದು, ಒಳಗೆ ಕೂರಿಸೋ ಸ್ಪಂಜಿನ ಡಬ್ಬಿ ಬೇರೆ ಒಂದು. ಎರಡೂ ಸೇರಿ ಹೆಸರಾಂತ ಕ್ಯಾಮೆರಾ ಬ್ಯಾಗಿಗಿಂತ ಕಮ್ಮಿಗೇ ಬರುತ್ತೆ. ಹೆಗಲಿಗೆ ಸುಖ, ನೋಡೋರಿಗೆ ಕಾಲೇಜು ಹುಡುಗ. ಸ್ಪಂಜಿನ ಡಬ್ಬಿಯನ್ನ ಎತ್ತಿ ಬದುವಿನ ಮೇಲೆ ನೆಟ್ಟಗೆ ಇಡಬಹುದು, ಬ್ಯಾಗು ಕೆಸರಲ್ಲಿದ್ದರೂ ಸರಿ. ಕೆಂಪು ಬಸ್ಸಿನ ಮೇಲಿನ ಕಿರಿದಾದ ರ‍್ಯಾಕಿನಲ್ಲಿ ಬ್ಯಾಗು ಹಿಡಿಸದಿದ್ದರೆ ಡಬ್ಬಿ ತೊಡೆ ಮೇಲೆ, ಬ್ಯಾಗು ಮಡಚಿ ಸೀಟಿನ ಕೆಳಗೆ. ಕಮ್ಮಿ ಇರೋದು ವೇಗ ಒಂದೇ. ಹಾರಿ ಹೋಗೋ ಹಕ್ಕಿಗೆ ಕ್ಯಾಮೆರಾ ಹೇಗೂ ಕೈಯಲ್ಲೇ ಇರಬೇಕು, ಬ್ಯಾಗಿನಲ್ಲಲ್ಲ.

ಇಷ್ಟೂ ಬರೆದಿದ್ದು ಹೊರೋನೂ ಫೋಟೋ ತೆಗೆಯೋನೂ ಒಬ್ಬನೇ ಅಂದ್ಕೊಂಡು. ಎಲ್ಲಾ ಬ್ಯಾಗು ಕಂಪನಿಗಳೂ ಹಾಗೇ ಅಂದ್ಕೊಂಡಿವೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಕ್ಯಾಮೆರಾ ಬ್ಯಾಗನ್ನ ವರ್ಷದಲ್ಲಿ ಅತಿ ಹೆಚ್ಚು ಗಂಟೆ ಹೊರೋರು ಯಾರು? ನನ್ನಂಥ ಶನಿವಾರದವರಲ್ಲ. ಮದುವೆ ಫೋಟೋಗ್ರಾಫರೂ ಅಲ್ಲ. ಅವರ ಜೊತೆ ಬರೋ ಹುಡುಗ. ಒಂದು ಕೈಯಲ್ಲಿ ಲೈಟಿನ ಸ್ಟ್ಯಾಂಡು, ಬೆನ್ನಿಗೆ ಬ್ಯಾಗು. ಹಿಂದಿನ ದಿನ ಸಂಜೆಯ ಆರತಕ್ಷತೆಯಿಂದ ಮಾರನೇ ದಿನ ಮುಹೂರ್ತ ಮುಗಿದು ಊಟದ ಪಂಕ್ತಿಗಳು ಏಳೋ ತನಕ. ಬ್ಯಾಗಿನ ಬೆಲೆ ಅವನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಬೆನ್ನಿನ ಉದ್ದಕ್ಕೆ ಪಟ್ಟಿ ಹೊಂದಿಸೋ ಸೌಲಭ್ಯ ಅದರಲ್ಲಿದ್ದರೆ, ಅದು ಹೊಂದಿಕೊಂಡಿರೋದು ಯಜಮಾನನ ಬೆನ್ನಿಗೆ, ಅಂಗಡಿಯಲ್ಲಿ ಹಾಕಿ ನೋಡಿದವರು ಅವರಲ್ವಾ. ಬ್ಯಾಗನ್ನ ಮುಹೂರ್ತದ ಹೊತ್ತಲ್ಲಿ ಕೆಳಗೆ ಇಡೋ ಹಾಗೂ ಇಲ್ಲ. ಇಟ್ಟರೆ ಯಾರೋ ಎಡವುತಾರೆ, ಯಾವುದೋ ಮಗು ಅದರ ಮೇಲೆ ಪಾಯಸ ಚೆಲ್ಲುತ್ತೆ, ಅಥವಾ ಬ್ಯಾಗೇ ಕಾಣೆಯಾಗುತ್ತೆ. ಕಾಣೆಯಾದರೆ ಬೈಗುಳ ಯಾರಿಗೆ ಅಂತ ಹೇಳಬೇಕಾಗಿಲ್ಲ.

ಸ್ಟುಡಿಯೋ ಅಣ್ಣ ಹೊಸ ಬ್ಯಾಗು ತಗೊಳ್ಳೋಕೆ ಹಾಸನಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ಹುಡುಗನನ್ನೂ ಕರ್ಕೊಂಡು ಬನ್ನಿ, ಎಲ್ಲಾ ಸಾಮಾನೂ ತನ್ನಿ, ತುಂಬಿಸಿ ಹೊತ್ತು ನೋಡೋಣ ಅಂತ ನಾನೇ ಹೇಳಿದ್ದು. ಅಂಗಡಿಯಲ್ಲಿ ಸಾಮಾನೆಲ್ಲ ಪೇರಿಸಿ ಬ್ಯಾಗನ್ನ ಅಣ್ಣನ ಬೆನ್ನಿಗೆ ಏರಿಸೋಕೆ ಬಂದವನಿಗೆ ಅಣ್ಣ, "ನಂಗಲ್ಲ ಕಣಪ್ಪ, ಇವನಿಗೆ ಹಾಕಿ ನೋಡು" ಅಂದರು. ಅಂಗಡಿಯವನು ಒಂದು ಸಲ ಇಬ್ಬರ ಮುಖವನ್ನೂ ನೋಡಿದ.

ಅಣ್ಣನಿಗೆ ಹಿಡಿಸಿದ್ದು ಪಕ್ಕದ ಬಾಗಿಲಿನ ಬ್ಯಾಗು. ಅವರ ಲೆಕ್ಕ ಸರಿಯಾಗೇ ಇತ್ತು. ಹುಡುಗ ಬೆನ್ನಿಗೆ ಹಾಕ್ಕೊಂಡು ನಿಂತಿರ್ತಾನೆ, ಹಿಂದಿನಿಂದ ಬಂದು ಪಕ್ಕದ ಜಿಪ್ ಎಳೆದು ಲೆನ್ಸ್ ತಗೊಂಡರೆ ಆಯ್ತು. ಧಾರೆ ಹೊತ್ತಲ್ಲಿ ಒಂದು ಕ್ಷಣವೂ ತಪ್ಪೋದಿಲ್ಲ, ಬ್ಯಾಗನ್ನ ನೆಲಕ್ಕೆ ಇಳಿಸೋ ಗೊಡವೆಯೇ ಇಲ್ಲ. ಕಂಪನಿಯ ಜಾಹೀರಾತಿನೋರಿಗೂ ಹೊಳೆಯದ ಉಪಯೋಗ ಅದು. ನಾನೂ ತಲೆ ಆಡಿಸಿದೆ.

ಹುಡುಗ ಎರಡನ್ನೂ ಹೊತ್ತು ಅಂಗಡಿಯೊಳಗೇ ನಾಲ್ಕು ಸುತ್ತು ಹಾಕಿದ. ಆಮೇಲೆ ಬೆನ್ನಿನ ಕಡೆಯಿಂದ ತೆರೆಯೋದನ್ನ ತೋರಿಸಿ, "ಇದೇ ಇರ್ಲಿ ಅಣ್ಣ" ಅಂದ.

"ಯಾಕ್ಲಾ? ಇದನ್ನ ಪ್ರತಿ ಸಲ ಇಳಿಸ್ಬೇಕಲ್ಲ?"

"ಅದ್ಕೇ ಅಣ್ಣ," ಅಂದ ಹುಡುಗ. "ಇಳಿಸಿದ್ರೇನೇ ತೆಗ್ಯಕ್ಕಾಗೋದು ಇರ್ಲಿ. ನೀವು ಲೆನ್ಸ್ ಬದ್ಲಾಯ್ಸೋ ಗಂಟ ನಂಗೂ ಬೆನ್ನಿಗೆ ಗಾಳಿ ಆಡುತ್ತೆ."

ಅಣ್ಣ ಒಂದು ನಿಮಿಷ ಸುಮ್ಮನಿದ್ದರು. ಬೆಲ್ಟಿನ ಬಕಲ್ಲನ್ನ ಎರಡು ಸಲ ಹಾಕಿ ತೆಗೆದು ನೋಡಿದರು. ಅದನ್ನೇ ಕಟ್ಟಿಸಿದರು. ಬೆಲೆಯಲ್ಲಿ ಇನ್ನೂರು ರೂಪಾಯಿ ಬಿಡಿಸಿದರು, ರೇನ್ ಕವರ್ ಬೇಡ ಅಂದರು.